1988ರ ಬಿ.ಎ. ಕನ್ನಡ ಬ್ಯಾಚ್, ಕಾಸರಗೋಡು ಸರ್ಕಾರಿ ಕಾಲೇಜು: ಯಾರು ಯಾರು ಎಲ್ಲೆಲ್ಲಿದ್ದೀರಿ?

ಬದಿಯಡ್ಕ_ಟೀಚರ್

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದ ಸರ್ಕಾರಿ ಕಾಲೇಜಿನಲ್ಲಿ 1985ರಿಂದ 1988ರವರೆಗೆ ಬಿ.ಎ. ಕನ್ನಡ ಓದಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಬರೆಯಿರಿ. ಇದು ಎಲ್ಲರೂ ಓದುವ ಜಾಗ. ಹೆಸರು, ಫೋನ್ ನಂಬರು ಹಾಕುವುದು ಬೇಡ. ಊರು ಹೇಳಿದರೆ ಸಾಕು. ನಮ್ಮ ಕಡೆ ಊರಿನ ಹೆಸರಲ್ಲೇ ಜನರನ್ನು ಕರೆಯುವುದು ಅಲ್ವಾ, ಗುರುತು ಸಿಕ್ಕಿಯೇ ಸಿಗುತ್ತದೆ.

ಈ ವರ್ಷ, 2025ರಲ್ಲಿ, ಮಧೂರು ದೇವಸ್ಥಾನದ ಬ್ರಹ್ಮಕಲಶಕ್ಕೆ ಹೋದಾಗ ಪೈವಳಿಕೆಯ ನಮ್ಮ ಸಹಪಾಠಿ ಸಿಕ್ಕಿದರು. ಸ್ವಯಂಸೇವಕರಾಗಿ ಬಡಿಸುತ್ತಿದ್ದರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪು ಇದೆ, ಡಿಸೆಂಬರಿನಲ್ಲಿ ಎಲ್ಲರೂ ಸೇರಬೇಕು ಎಂದು ಮಾತಾಡುತ್ತಿದ್ದೇವೆ ಎಂದರು. ನನಗೆ ತುಂಬಾ ಖುಷಿ ಆಯಿತು. ಅದರಲ್ಲಿ ಹೆಂಗಸರು ಯಾರೆಲ್ಲ ಇದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದರು. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ ಇದ್ದದ್ದು!

ಯಾಕೆ ಹೀಗಾಯಿತು ಎಂದು ಆಮೇಲೆ ಯೋಚನೆ ಮಾಡಿದೆ. ಗಂಡಸರು ಹುಡುಕಿದರೆ ಸಿಗುತ್ತಾರೆ. ದುಬೈಗೆ ಹೋಗಲಿ, ಮುಂಬಯಿಗೆ ಹೋಗಲಿ, ಮನೆ ಇದ್ದಲ್ಲೇ ಇರುತ್ತದೆ. ಪೇಟೆಯ ಅಂಗಡಿಯಲ್ಲಿ ಕೇಳಿದರೆ ನಂಬರು ಕೊಡುತ್ತಾರೆ. ಹುಡುಗಿಯರು ಮದುವೆಯಾಗಿ ಸುಳ್ಯ, ಪುತ್ತೂರು, ವಿಟ್ಲ, ಮಡಿಕೇರಿ ಎಂದು ಹೋದರು. ಮನೆ ಹೆಸರು ಬದಲಾಯಿತು, ಇನಿಶಿಯಲ್ ಬದಲಾಯಿತು. ತವರಿನಲ್ಲಿ ಅಪ್ಪ ಅಮ್ಮ ತೀರಿಕೊಂಡ ಮೇಲೆ ಕೇಳಿದರೂ ಸರಿಯಾಗಿ ಹೇಳುವವರಿಲ್ಲ. ಅವರನ್ನೆಲ್ಲ ಹುಡುಕುವ ಮೊದಲೇ ಹಾಲ್ ಬುಕ್ ಮಾಡಿದರೆ ಅದು ನಮ್ಮ ತರಗತಿ ಸೇರಿದ ಹಾಗೆ ಆಗುವುದಿಲ್ಲ. ಮೊದಲು ಹುಡುಕೋಣ, ಆಮೇಲೆ ದಿನ ನೋಡೋಣ. ಇದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಸುದ್ದಿ ಹೇಳಿಬಿಡುತ್ತೇನೆ. ಬಿ.ಎಡ್. ಮಾಡಿ, ಸರ್ಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆ ಬರೆದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. 2024ರ ಮೇ 31ಕ್ಕೆ ನಿವೃತ್ತಿ. ನಮ್ಮ ಕಾಲದವರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಿಂಗಳು ಮೇ ಎಂದು ಬರೆಸುತ್ತಿದ್ದರು. ಅದಕ್ಕೇ ಕೇರಳದಲ್ಲಿ ಮೇ 31 ಬಂತೆಂದರೆ ಸಾಲು ಸಾಲು ವಿದಾಯ ಸಮಾರಂಭ. ಇಲ್ಲಿ 56ಕ್ಕೆ ನಿವೃತ್ತಿ, ಕರ್ನಾಟಕ ಸರ್ಕಾರದಲ್ಲಿ ಇರುವವರಿಗೆ 60. ಹಾಗಾಗಿ ನಮ್ಮಲ್ಲಿ ಕೆಲವರಿಗೆ ಪಿಂಚಣಿ ಶುರುವಾಗಿದೆ, ಕೆಲವರು ಇನ್ನೂ ರಜೆ ಕೇಳಿ ಬರಬೇಕು. ಮಗಳು ಮೈಸೂರಿನಲ್ಲಿದ್ದಾಳೆ. ಯಜಮಾನರಿಗೆ ತೋಟದ ಕೆಲಸ. ನನಗೆ ಈಗ ಸಮಯ ಇದೆ. ಹುಡುಕುವ ಕೆಲಸ ನಾನು ಮಾಡುತ್ತೇನೆ.

ಪೈವಳಿಕೆ_ತೋಟ

ಟೀಚರ್, ಇಲ್ಲಿ ಬರೆದದ್ದು ಒಳ್ಳೆಯದಾಯಿತು. ನೀವು ಮಧೂರಿನಲ್ಲಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲೂ ಉಳಿದಿದೆ. ಗುಂಪಿನಲ್ಲಿ ಹೇಳಿದೆ. ಎಲ್ಲರೂ ಒಪ್ಪಿದ್ದಾರೆ. ಆದರೆ ದಿನವನ್ನು ಪೂರ್ತಿ ಮುಂದೆ ಹಾಕುವುದು ಬೇಡ ಎಂದು ನನ್ನ ವಿನಂತಿ. ನಮ್ಮ ವಯಸ್ಸಿನಲ್ಲಿ ಒಂದು ವರ್ಷ ಮುಂದೆ ಹಾಕಿದರೆ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಹೇಳಲು ಬರುವುದಿಲ್ಲ. ನಮ್ಮ ಬ್ಯಾಚಿನ ಕುಂಬಳೆಯವನು ಹೋಗಿ ಮೂರು ವರ್ಷ ಆಯಿತು. ಹೃದಯಾಘಾತ. ಕೊನೆಯ ಬೆಂಚಿನಲ್ಲಿ ಕೂತು ಯಕ್ಷಗಾನದ ಭಾಗವತಿಕೆ ಹಾಡುತ್ತಿದ್ದನಲ್ಲ, ಅವನೇ.

ನಾನು ಡಿಗ್ರಿ ಮುಗಿಸಿದ ವರ್ಷವೇ ಅಪ್ಪನಿಗೆ ಹುಷಾರು ತಪ್ಪಿತು. ತೋಟಕ್ಕೆ ಇಳಿದೆ. ಮತ್ತೆ ಮೇಲೆ ಹತ್ತಲಿಲ್ಲ. ಬೇಸರ ಇಲ್ಲ. ಈ ವರ್ಷ ಮಾತ್ರ ಕಷ್ಟ ಆಯಿತು. ಮೇ 24ಕ್ಕೇ ಮುಂಗಾರು ಬಂತು. ಮೊದಲನೇ ಸಲ ಮದ್ದು ಬಿಡಲು ಬಿಸಿಲೇ ಸಿಗಲಿಲ್ಲ. ಮಹಾಳಿ, ಅಂದರೆ ಕೊಳೆರೋಗ ಬಂದು ಎಳೆ ಅಡಿಕೆ ಉದುರಿತು. ಎಲೆಚುಕ್ಕಿ ರೋಗ ಬೇರೆ. ಮರ ಹತ್ತುವವರು ಸಿಗುವುದಿಲ್ಲ. ಮಗ ಕಾರ್ಬನ್ ಫೈಬರ್ ದೋಟಿ, ಉದ್ದದ ಕೋಲು, ತಂದಿದ್ದಾನೆ. ಅದರಲ್ಲಿ ಕೆಳಗೆ ನಿಂತೇ ಮದ್ದು ಬಿಡುತ್ತಾನೆ, ಅಡಿಕೆ ಗೊನೆಯನ್ನೂ ತೆಗೆಯುತ್ತಾನೆ. ಅಪ್ಪ ತೋಡಿಸಿದ ಸುರಂಗದಲ್ಲಿ ಈಗಲೂ ಏಪ್ರಿಲ್‌ವರೆಗೆ ನೀರು ಬರುತ್ತದೆ. ಗುಡ್ಡೆಯ ಒಳಗಿನಿಂದ ಪಂಪು, ಕರೆಂಟು ಏನೂ ಇಲ್ಲದೆ ಬರುವ ನೀರು. ಯಾವಾಗಾದರೂ ಬಂದರೆ ತೋರಿಸುತ್ತೇನೆ.

ತೋಟ ಮಾಡಲು ಬಿ.ಎ. ಯಾಕೆ ಎಂದು ಕೇಳಿದವರು ಇದ್ದಾರೆ. ನಾನು ತಾಳಮದ್ದಳೆಯಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತೇನೆ. ಆ ಮೂರು ವರ್ಷ ಹಳಗನ್ನಡ, ನಡುಗನ್ನಡ ಓದಿಸದೇ ಇದ್ದಿದ್ದರೆ ಪ್ರಸಂಗದ ಪದ್ಯಗಳ ಒಳಗೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ. ಯಕ್ಷಗಾನದ ನೆಲವಾದ ಕುಂಬಳೆ ಸೀಮೆಯಲ್ಲಿ ಹುಟ್ಟಿ ಅಷ್ಟಾದರೂ ಮಾಡಬೇಕು.

ಮೊಗ್ರಾಲ್_ಶಾರ್ಜಾ

ಅಸ್ಸಲಾಮು ಅಲೈಕುಂ, ನಮಸ್ಕಾರ. ಕಿಟಕಿಯ ಪಕ್ಕ ಎರಡನೇ ಬೆಂಚು. ಫುಟ್ಬಾಲ್ ತಂಡದಲ್ಲಿ ಇದ್ದವನು. ಈಗ ಗೊತ್ತಾಯಿತಲ್ಲ?

ಪೈವಳಿಕೆಯವನೇ, ಕುಂಬಳೆಯ ಸುದ್ದಿ ಇವತ್ತೇ ಗೊತ್ತಾದದ್ದು. ತುಂಬಾ ಬೇಸರ ಆಯಿತು. ಅವನ ಜೊತೆ ಎಷ್ಟು ಸಲ ಒಂದೇ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿದ್ದೇನೆ. ಅವನ ಮನೆಯವರ ನಂಬರು ಇದ್ದರೆ ಗುಂಪಿನಲ್ಲಿ ಕಳಿಸು ಮಾರಾಯ.

ನಾನು 1990ರಲ್ಲಿ ಕುವೈತಿಗೆ ಹೋದೆ. ಹೋಗಿ ಸರಿಯಾಗಿ ಕೆಲಸ ಕಲಿಯುವ ಮೊದಲೇ ಆಗಸ್ಟಿನಲ್ಲಿ ಇರಾಕಿನವರು ಬಂದರು. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿಗೆ ಹೋಗಿ, ಕ್ಯಾಂಪಿನಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದೆ. ಕೈಯಲ್ಲಿ ಒಂದು ಚೀಲ ಇತ್ತು. ಮನೆಯಲ್ಲಿ ಉಮ್ಮ ನನ್ನನ್ನು ನೋಡಿ ಮಾತೇ ಆಡಲಿಲ್ಲ. ಆಮೇಲೆ ಎರಡು ವರ್ಷ ಊರಲ್ಲೇ ಇದ್ದು ಶಾರ್ಜಾಕ್ಕೆ ಹೋದೆ. ಮೊದಲು ಬೇರೆಯವರ ಗ್ರೋಸರಿಯಲ್ಲಿ, ಈಗ ಸ್ವಂತ ಅಂಗಡಿ. ಮಕ್ಕಳು ಮೂವರು. ದೊಡ್ಡವಳು ಡಾಕ್ಟರ್.

ನನ್ನ ಬಿ.ಎ. ಕನ್ನಡದ ಬಗ್ಗೆ ಒಂದು ಮಾತು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಕನ್ನಡ ತೆಗೆದುಕೊಂಡದ್ದು ಇಷ್ಟಪಟ್ಟೇ. ಶಾರ್ಜಾದಲ್ಲಿ ನನ್ನ ರೂಮಿನಲ್ಲಿ ಬಂಟ್ವಾಳ, ವಿಟ್ಲ, ಉಪ್ಪಿನಂಗಡಿಯ ಹುಡುಗರು ಇದ್ದರು. ಕೆಲವರಿಗೆ ಬರೆಯಲು ಬರುತ್ತಿರಲಿಲ್ಲ. ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಅವರ ಮನೆಗೆ ಕಾಗದ ಬರೆದುಕೊಡುತ್ತಿದ್ದೆ. ಹೆಂಡತಿಗೆ, ಅಮ್ಮನಿಗೆ, ಬ್ಯಾಂಕಿಗೆ. ಬಂದ ಕಾಗದವನ್ನು ಓದಿ ಹೇಳುತ್ತಿದ್ದೆ. ಮಗು ಹುಟ್ಟಿದ್ದನ್ನು ಅಪ್ಪನಿಗೆ ನಾನೇ ಓದಿ ಹೇಳಿದ್ದೇನೆ. ಸಾವಿನ ಸುದ್ದಿಯನ್ನೂ ಓದಿದ್ದೇನೆ. ಫೋನ್ ಅಗ್ಗ ಆಗುವವರೆಗೆ ಅದು ನಡೆಯಿತು. ಆ ಡಿಗ್ರಿ ಉಪಯೋಗಕ್ಕೆ ಬಿದ್ದಿಲ್ಲ ಎಂದು ಯಾರೂ ನನಗೆ ಹೇಳುವ ಹಾಗಿಲ್ಲ.

ಡಿಸೆಂಬರಿಗೆ ನಾನು ಟಿಕೆಟ್ ತೆಗೆಯುತ್ತೇನೆ. ದಿನ ಬೇಗ ಹೇಳಿ, ಆ ಸಮಯದಲ್ಲಿ ರೇಟು ಏರುತ್ತದೆ.

ಬೇಳ_ತೊಕ್ಕೊಟ್ಟು

ಟೀಚರ್, ನಾನು ಸಿಕ್ಕಿದೆ, ಒಬ್ಬಳು ಕಡಿಮೆ ಆಯಿತು ನಿನ್ನ ಪಟ್ಟಿಯಿಂದ! ಬೇಳ ಇಗರ್ಜಿಯ ಹತ್ತಿರದ ಮನೆ. ನಾವಿಬ್ಬರೂ ಒಟ್ಟಿಗೆ ಬುತ್ತಿ ಉಣ್ಣುತ್ತಿದ್ದೆವು. ನಿನ್ನ ಮಾವಿನಹಣ್ಣಿನ ಗೊಜ್ಜಿನ ರುಚಿ ಈಗಲೂ ನೆನಪಿದೆ.

ಮದುವೆಯಾಗಿ ತೊಕ್ಕೊಟ್ಟಿಗೆ ಬಂದೆ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಯಜಮಾನರು 2016ರಲ್ಲಿ ತೀರಿಕೊಂಡರು. ಮಗ ಮತ್ತು ಸೊಸೆ ಜೊತೆಗಿದ್ದಾರೆ. ಇಷ್ಟು ವರ್ಷ ಯಾಕೆ ಯಾರನ್ನೂ ಸಂಪರ್ಕ ಮಾಡಲಿಲ್ಲ ಎಂದು ಕೇಳಿದರೆ, ಕೇವಲ ಹೊಟ್ಟೆಪಾಡು. ಬೆಳಿಗ್ಗೆ ಎದ್ದು ಕೆಲಸ, ಸಂಜೆ ಮನೆ. ಹಾಗೇ ವರ್ಷಗಳು ಹೋದವು.

ಒಬ್ಬರ ಸಂಪರ್ಕ ಮಾತ್ರ ಇತ್ತು. ಮಂಜೇಶ್ವರದ ಅಂಚೆಯವರು. ಅವರು ಇದನ್ನು ಓದುತ್ತಿದ್ದರೆ ಬರೆಯಲಿ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕ, ಕೇರಳದ ಗಡಿ ಮುಚ್ಚಿದ್ದು ನೆನಪಿದೆಯಲ್ಲ. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ನನ್ನ ಅಮ್ಮ ಬೇಳದಲ್ಲಿ ಒಬ್ಬರೇ ಇದ್ದರು. ಅವರಿಗೆ ಬೇಕಾದ ಮಾತ್ರೆ ಮಂಗಳೂರಿನಲ್ಲಿ ಮಾತ್ರ ಸಿಗುತ್ತಿತ್ತು. ನನಗೂ ಬೇಳಕ್ಕೂ ಮಧ್ಯೆ ಒಂದು ಗೇಟು. ಹುಟ್ಟಿದಾಗಿನಿಂದ ಮಂಗಳೂರೇ ನಮ್ಮ ಆಸ್ಪತ್ರೆ, ಮಂಗಳೂರೇ ನಮ್ಮ ಮಾರುಕಟ್ಟೆ. ಆ ದಿನ ಗಡಿ ಎಂದರೆ ಏನೆಂದು ಗೊತ್ತಾಯಿತು. ಆಂಬುಲೆನ್ಸಿನಲ್ಲಿ ಬಂದು ಅಲ್ಲೇ ಜೀವ ಬಿಟ್ಟವರಿದ್ದಾರೆ. ಹಳೆಯ ಡೈರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರು ಪೊಲೀಸರ ಹತ್ತಿರ ಮಾತಾಡಿ ತಲಪಾಡಿಗೆ ಬಂದು ಮಾತ್ರೆ ತೆಗೆದುಕೊಂಡು ಹೋಗಿ ಅಮ್ಮನಿಗೆ ಕೊಟ್ಟರು. ಮುಂದಿನ ತಿಂಗಳೂ ಅವರೇ. ಅಮ್ಮ ಈಗ ಇಲ್ಲ. ಆದರೆ ಸಾಯುವವರೆಗೂ ಅವರ ವಿಚಾರ ಕೇಳುತ್ತಿದ್ದರು.

ಮಂಜೇಶ್ವರ_ಅಂಚೆ

ಓದುತ್ತಿದ್ದೇನೆ. ಆ ವಿಷಯ ಇಷ್ಟು ದೊಡ್ಡದು ಮಾಡಬೇಡಿ. ನಾನು ಅಂಚೆ ಇಲಾಖೆಯವನು, ಆ ದಿನಗಳಲ್ಲಿ ನಮಗೆ ಓಡಾಡಲು ಪಾಸ್ ಇತ್ತು. ಯಾರಾದರೂ ಮಾಡುವ ಕೆಲಸ ಅದು.

ಹುಡುಕುವ ವಿಷಯದಲ್ಲಿ ನನ್ನಿಂದ ಸಹಾಯ ಆಗಬಹುದು. ಈ ಕೆಲಸದಲ್ಲಿ ವಿಳಾಸ ಹುಡುಕುವುದೇ ಜೀವನ. ಮೂರು ದಾರಿ ಹೇಳುತ್ತೇನೆ.

ತವರಿನ ಕಡೆ ಕೇಳುವಾಗ ಅಣ್ಣ ತಮ್ಮಂದಿರ ಮಕ್ಕಳನ್ನು ಕೇಳಿ ಪ್ರಯೋಜನವಿಲ್ಲ. ನಿವೃತ್ತರಾದ ಪೋಸ್ಟ್‌ಮ್ಯಾನ್‌ಗಳನ್ನು ಕೇಳಿ. ಹೆಣ್ಣುಮಕ್ಕಳು ಗಂಡನ ಮನೆಯಿಂದ ತವರಿಗೆ ಬರೆದ ಕಾಗದಗಳನ್ನು ಹಂಚಿದವರು ಅವರು. ಯಾವ ಊರಿನ ಮುದ್ರೆ ಇತ್ತು ಎಂದು ಅವರಿಗೆ ಇವತ್ತಿಗೂ ನೆನಪಿರುತ್ತದೆ. ನನ್ನ ಹಿರಿಯ ಸಹೋದ್ಯೋಗಿಗಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ದೇವಸ್ಥಾನಗಳ ಬ್ರಹ್ಮಕಲಶದ ಆಮಂತ್ರಣ ಪುಸ್ತಕ. ಅದರಲ್ಲಿ ಮಹಿಳಾ ಸಮಿತಿಯ ಪಟ್ಟಿ ಇರುತ್ತದೆ. ಹೆಸರಿನ ಜೊತೆ ಮನೆ ಹೆಸರು, ಊರು ಎಲ್ಲ ಹಾಕುತ್ತಾರೆ. ಹಾಗೆಯೇ ಇಗರ್ಜಿಗಳ ವಾರ್ಷಿಕ ಸಂಚಿಕೆ.

ಮತ್ತೆ ನಮ್ಮ ಮೂರನೇ ವರ್ಷದ ಗ್ರೂಪ್ ಫೋಟೋ. ನನ್ನ ಹತ್ತಿರ ಇದೆ. ಹಿಂದೆ ಎಲ್ಲರ ಹೆಸರು ಸಾಲಾಗಿ ಬರೆದಿಟ್ಟಿದ್ದೇನೆ. ಗುಂಪಿಗೆ ಕಳಿಸುತ್ತೇನೆ. ಫೋಟೋದಲ್ಲಿ ಇಲ್ಲದವರೂ ಇದ್ದಾರೆ, ಅದನ್ನು ಮರೆಯಬೇಡಿ.

ಮುಳ್ಳೇರಿಯ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಎಷ್ಟು ಸಂತೋಷ ಆಗುತ್ತಿದೆ ಎಂದು ಹೇಳಲು ಬರುವುದಿಲ್ಲ. ಹೆಂಡತಿಗೆ ಒಂದೊಂದೇ ಓದಿ ಹೇಳುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ರಾತ್ರಿ ಪಾಳಿಯಲ್ಲೇ ಆಯಸ್ಸು ಹೋಯಿತು. 2020ರಲ್ಲಿ ಒಂದು ಸಂಜೆ ನಮ್ಮಲ್ಲಿ ಅನೇಕರನ್ನು ಬರಬೇಡಿ ಎಂದರು. ಆಮೇಲೆ ಮನೆಯಲ್ಲೇ ಕೂತು ಪ್ರಕಾಶಕರಿಗೆ ಕರಡು ತಿದ್ದಿಕೊಡುತ್ತೇನೆ. ಮನೆ ಮಾತು ಮರಾಠಿ, ಅನ್ನ ಕೊಟ್ಟದ್ದು ಕನ್ನಡ. ಮಗನಿಗೆ ಇಂಜಿನಿಯರಿಂಗ್ ಸೀಟು ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಸಿಗಲಿಲ್ಲ. ಅವನು ಓದಿದ್ದೆಲ್ಲ ಬೆಂಗಳೂರಿನಲ್ಲಿ. ಗಡಿನಾಡಿನಲ್ಲೇ ಓದಿದ ಮಕ್ಕಳಿಗೆ ಮಾತ್ರ ಅದು. ಅದು ನ್ಯಾಯವೇ.

ನನ್ನದೊಂದು ಸಲಹೆ. ನವೆಂಬರ್ 1ಕ್ಕೆ ಸೇರಿದರೆ ಹೇಗೆ? ಕರ್ನಾಟಕದಲ್ಲಿ ರಜೆ. ಕನ್ನಡ ಓದಿದವರು ರಾಜ್ಯೋತ್ಸವದ ದಿನ ಕಾಸರಗೋಡಿನಲ್ಲಿ ಸೇರುವುದು ಎಂದರೆ ಅದಕ್ಕೊಂದು ತೂಕ ಇರುತ್ತದೆ.

ಪೈವಳಿಕೆ_ತೋಟ

ಬೇಡ ಮಾರಾಯ. ಆ ದಿನ ಬೇಡ. ನೀನು ಬೆಂಗಳೂರಿನಲ್ಲಿ ಕೂತು ನೋಡುವಾಗ ಅದು ಹಬ್ಬ. ಇಲ್ಲಿ ಅಂದು ಶಾಲೆಗಳಲ್ಲಿ ಕೇರಳ ಪಿರವಿ, ಕೇರಳ ಹುಟ್ಟಿದ ದಿನದ ಆಚರಣೆ. ರಜೆಯೂ ಇಲ್ಲ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ. ಅದೇ ದಿನ ಬೆಳಿಗ್ಗೆ ಕೇರಳ. ನನ್ನ ಅಪ್ಪ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಚಳವಳಿಯಲ್ಲಿ ಇದ್ದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರಲ್ಲಿ ಹೇಳಿತು. ಅಪ್ಪ ಅದನ್ನು ಸಾಯುವವರೆಗೆ ಕಾದರು. ನವೆಂಬರ್ 1ಕ್ಕೆ ಅವರು ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಆ ದಿನ ಸೇರಿದರೆ ಮಾತೆಲ್ಲ ಅದರ ಮೇಲೆಯೇ ಹೋಗುತ್ತದೆ. ನಮ್ಮ ನಮ್ಮ ಸುದ್ದಿ ಮಾತಾಡಲು ಆಗುವುದಿಲ್ಲ.

ಬದಿಯಡ್ಕ_ಟೀಚರ್

ಪೈವಳಿಕೆಯವರು ಹೇಳಿದ್ದು ಸರಿ. ಅದನ್ನು ಬದಿಗೆ ಇಡಬೇಕು ಎಂದಲ್ಲ. 2017ರಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ವಿದ್ಯಾನಗರದ ಕಲೆಕ್ಟರೇಟಿನ ಎದುರು ಸೇರಿದ ಕನ್ನಡಿಗರಲ್ಲಿ ನಾನೂ ಒಬ್ಬಳು. ನಾವು ಪ್ರಿ-ಡಿಗ್ರಿಯಲ್ಲಿ ಇದ್ದಾಗ, 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆ ಆಯಿತು. ಆಗ ಕಲೆಕ್ಟರೇಟು ಕಾಲೇಜಿನ ಹತ್ತಿರವೇ ಬರುತ್ತದೆ ಎಂದು ಖುಷಿಪಟ್ಟವರು ನಾವು. ಮುಂದೆ ಅದರ ಎದುರು ಬಿಸಿಲಲ್ಲಿ ಕೂರಬೇಕಾಯಿತು.

ನನ್ನ ಕೊನೆಯ ವರ್ಷಗಳಲ್ಲಿ ಕನ್ನಡ ಡಿವಿಜನ್‌ನಲ್ಲಿ ಮಕ್ಕಳು ಕಡಿಮೆ ಆಗುತ್ತಾ ಬಂದರು. ನಮ್ಮದೇ ಮನೆಗಳ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋದರು. ಮನೆ ಮನೆಗೆ ಹೋಗಿ ಕೇಳಿದ್ದೇನೆ. ಬಂದ ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದೇನೆ. ಅದು ನನಗೆ ಗೊತ್ತಿದೆ.

ಈಗ ದಿನದ ಮಾತು. ಕೇರಳದ ಶಾಲಾ ಕಾಲೇಜುಗಳಿಗೆ ಕ್ರಿಸ್‌ಮಸ್ ರಜೆ ಇರುತ್ತದೆ. ಬೇಳದವಳಿಗೆ 24, 25 ಆಗುವುದಿಲ್ಲ. ಡಿಸೆಂಬರ್ 28 ಭಾನುವಾರ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಆದರೆ ಪಟ್ಟಿ ಮೊದಲು.

ಅಂಚೆಯವರ ಉಪಾಯ ಕೆಲಸ ಮಾಡಿತು! ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್ ಹೇಳಿದ ದಾರಿಯಲ್ಲಿ ಹೋಗಿ ನೀರ್ಚಾಲಿನವಳು ಸಿಕ್ಕಿದಳು. ಶಿರಸಿಯ ಹತ್ತಿರ ಇದ್ದಾಳೆ. ಮಾತಾಡಿದೆವು. ಇಬ್ಬರೂ ಸ್ವಲ್ಪ ಅತ್ತೆವು, ಆಮೇಲೆ ರಾತ್ರಿ ಊಟ ಬಿಟ್ಟು ಮಾತಾಡಿದೆವು.

ಸುಳ್ಯ_ಮಗಳು

ನಮಸ್ಕಾರ. ನಾನು ನಿಮ್ಮ ಬ್ಯಾಚಿನವಳಲ್ಲ, ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಅಮ್ಮ ಆದೂರಿನವರು. ಆಟೋಗ್ರಾಫ್ ಪುಸ್ತಕ ಒಂದನ್ನು ಜೋಪಾನವಾಗಿ ಇಟ್ಟಿದ್ದಾರೆ. ಅದರಲ್ಲಿ ಬೇಳ, ಪೈವಳಿಕೆ, ಮೊಗ್ರಾಲ್ ಎಂದೆಲ್ಲ ಊರುಗಳು ಇವೆ. ಈ ಚರ್ಚೆ ನೋಡಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಲೆ ಆರಿಸಿ ಬಂದು ಕೂತರು. ಅವರಿಗೆ ಫೋನಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಾನು ಆದೂರಿನವಳು. ಮೂರನೇ ವರ್ಷ ಫೆಬ್ರವರಿಯಲ್ಲಿ ನನಗೆ ಮದುವೆ ಆಯಿತು. ಪರೀಕ್ಷೆಗೆ ಕಳಿಸುತ್ತೇವೆ ಎಂದು ಮಾತಾಗಿತ್ತು. ಆಮೇಲೆ ಮನೆಯಲ್ಲಿ ಕೆಲಸ ಜಾಸ್ತಿ, ಹೋಗಲು ಆಗಲಿಲ್ಲ. ಮುಂದಿನ ವರ್ಷ ಮಗು. ಗ್ರೂಪ್ ಫೋಟೋ ತೆಗೆದ ದಿನವೂ ನಾನು ಇರಲಿಲ್ಲ. ನನ್ನ ಹತ್ತಿರ ಡಿಗ್ರಿ ಇಲ್ಲ. ಇಲ್ಲಿ ಎಲ್ಲರೂ 1988ರ ಬ್ಯಾಚು ಎಂದು ಬರೆಯುತ್ತಿದ್ದೀರಿ. ನನ್ನನ್ನು ನಿಮ್ಮ ಬ್ಯಾಚಿನವಳು ಎಂದು ಲೆಕ್ಕ ಹಾಕುತ್ತೀರಾ? ಇಲ್ಲ ಎಂದರೂ ಬೇಸರ ಇಲ್ಲ. ನಿಮ್ಮ ಸುದ್ದಿ ಕೇಳಿದೆನಲ್ಲ, ಅದೇ ಸಂತೋಷ. ಬದಿಯಡ್ಕದವಳಿಗೆ ನನ್ನ ಹಳಗನ್ನಡದ ನೋಟ್ಸು ಕೊಟ್ಟಿದ್ದೆ. ಅವಳು ಪಾಸಾದದ್ದು ಗೊತ್ತಾಗಿ ಒಳ್ಳೆಯದಾಯಿತು."

ಬದಿಯಡ್ಕ_ಟೀಚರ್

ಮಗಳೇ, ಈ ಮಾತನ್ನು ನಿನ್ನ ಅಮ್ಮನಿಗೆ ಈಗಲೇ ಓದಿ ಹೇಳು.

ಆದೂರಿನವಳೇ, ನಿನ್ನ ನೋಟ್ಸು ಓದಿಯೇ ನಾನು ಹಳಗನ್ನಡದ ಪೇಪರು ಬರೆದದ್ದು. ನೀನು ಬರೆದ ಟಿಪ್ಪಣಿ ಅಷ್ಟು ಚೆನ್ನಾಗಿತ್ತು. ನಾನು ಟೀಚರ್ ಆದ ಮೇಲೂ ಆ ಪುಸ್ತಕ ಇಟ್ಟುಕೊಂಡು ಪಾಠ ಮಾಡಿದ್ದೇನೆ. ಈಗಲೂ ನನ್ನ ಕಪಾಟಿನಲ್ಲಿದೆ. ನನ್ನ ಹತ್ತಿರ ಕಲಿತ ಮಕ್ಕಳೆಲ್ಲ ನಿನ್ನ ಮಕ್ಕಳೂ ಹೌದು. ಲೆಕ್ಕ ಹಾಕುತ್ತೀರಾ ಎಂದು ಕೇಳುವುದು ಬೇಡ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು ನೀನು. ಪರೀಕ್ಷೆ ಬರೆದವರ ಪಟ್ಟಿ ಯೂನಿವರ್ಸಿಟಿಗೆ ಬೇಕು, ನಮಗೆ ಬೇಡ.

ಮೊಗ್ರಾಲ್_ಶಾರ್ಜಾ

ಇದನ್ನು ಅಂಗಡಿಯಲ್ಲಿ ನಿಂತು ಓದಿದೆ. ಆದೂರಿನವರೇ, ನೀವು ಬರದಿದ್ದರೆ ಸೇರುವುದರಲ್ಲಿ ಅರ್ಥವಿಲ್ಲ. ಮೊದಲ ವರ್ಷ ಭಾಷಣ ಸ್ಪರ್ಧೆಯಲ್ಲಿ ನಮ್ಮ ತರಗತಿಗೆ ಬಹುಮಾನ ತಂದವರು ನೀವು. ಗಂಡುಮಕ್ಕಳು ಯಾರೂ ವೇದಿಕೆ ಹತ್ತಲು ಧೈರ್ಯ ಮಾಡಿರಲಿಲ್ಲ.

ಮಂಜೇಶ್ವರ_ಅಂಚೆ

ಫೋಟೋದಲ್ಲಿ ಇಲ್ಲದವರು ಎಂದು ನಾನು ಹೇಳಿದ್ದು ಇವರನ್ನೇ ನೆನೆದು. ಆ ದಿನ ಇವರ ಜಾಗ ಖಾಲಿ ಇತ್ತು. ಇನ್ನೂ ಒಬ್ಬರು ಇರಲಿಲ್ಲ, ಪೆರ್ಲದವರು. ಅವರ ಸುದ್ದಿ ಯಾರಿಗಾದರೂ ಗೊತ್ತಾ?

ಪರೀಕ್ಷೆಯ ಬಗ್ಗೆ ಒಂದು ಮಾತು. ನಮ್ಮ ಕಾಲದಲ್ಲಿ ಕಾಲೇಜು ಕ್ಯಾಲಿಕಟ್ ಯೂನಿವರ್ಸಿಟಿಗೆ ಸೇರಿತ್ತು. ಕಣ್ಣೂರು ಯೂನಿವರ್ಸಿಟಿ ಬಂದದ್ದು 1996ರಲ್ಲಿ. ಆದೂರಿನವರಿಗೆ ಮತ್ತೆ ಓದುವ ಮನಸ್ಸಿದ್ದರೆ ದೂರ ಶಿಕ್ಷಣದಲ್ಲಿ ಹೊಸದಾಗಿ ಸೇರಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಇದೆ. ಮಗಳೇ, ಅಮ್ಮನನ್ನು ಕೇಳಿ ನೋಡು. ಒತ್ತಾಯ ಇಲ್ಲ.

ಸುಳ್ಯ_ಮಗಳು

ಅಮ್ಮ ನಗುತ್ತಾ ಇದ್ದಾರೆ. ಓದುವ ವಿಷಯ ಆಮೇಲೆ ನೋಡೋಣ, ಮೊದಲು ಡಿಸೆಂಬರ್ ಆಗಲಿ ಎಂದರು. ಆಟೋಗ್ರಾಫ್ ಪುಸ್ತಕ ತರುತ್ತಾರಂತೆ.

ಪೆರ್ಲ

ನನ್ನ ಸುದ್ದಿ ಕೇಳಿದಿರಿ. ನಾನು ಮೊದಲ ದಿನದಿಂದ ಓದುತ್ತಾ ಇದ್ದೇನೆ. ಬರೆಯಬೇಕೋ ಬೇಡವೋ ಎಂದು ಸುಮ್ನೆ ಇದ್ದೆ. ಆದೂರಿನವಳು ಬರೆದದ್ದು ಓದಿ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಪಡ್ರೆ ಕಡೆಗೆ ಬಂದೆ. ಗುಡ್ಡೆಯ ಮೇಲೆ ಗೇರು ತೋಟ, ಕೆಳಗೆ ನಮ್ಮ ಮನೆ, ಮಧ್ಯೆ ತೋಡು. ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿತ್ತು. ಬಾವಿ ಮುಚ್ಚಿ ಎಂದು ಹೇಳುತ್ತಿದ್ದರು. ಸುರಂಗದ ನೀರನ್ನು ಹೇಗೆ ಮುಚ್ಚುವುದು? ಮಗ 1993ರಲ್ಲಿ ಹುಟ್ಟಿದ. ಕತ್ತು ನಿಲ್ಲಲಿಲ್ಲ, ಮಾತು ಬರಲಿಲ್ಲ. ಈಗ ಅವನಿಗೆ 32. ಊಟ, ಸ್ನಾನ ಎಲ್ಲ ನಾನೇ. 2000ದ ಕೊನೆಗೆ ಸಿಂಪಡಿಸುವುದು ನಿಂತಿತು. 2011ರಲ್ಲಿ ದೇಶದಲ್ಲೇ ನಿಷೇಧ ಆಯಿತು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ಕೊಡಬೇಕು ಎಂದಿತು. ನಮ್ಮ ಕೈಗೆ ಬರಲು ಮತ್ತೆ ವರ್ಷಗಳು ಹಿಡಿದವು. ಬಂತು. ಪಿಂಚಣಿಯೂ ಬರುತ್ತದೆ.

ಬೇಸರಕ್ಕೆ ಇದನ್ನು ಹೇಳುತ್ತಿಲ್ಲ. ಯಾಕೆ ಯಾರ ಮದುವೆಗೂ, ಯಾರ ಮನೆಗೂ ಬರಲಿಲ್ಲ ಎಂದು ನಿಮಗೆ ಗೊತ್ತಾಗಲಿ ಎಂದು ಹೇಳಿದೆ. ಅವನನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ. ಡಿಸೆಂಬರಿಗೂ ಬರಲು ಆಗುವುದಿಲ್ಲ. ನೀವೆಲ್ಲ ಸೇರಿ. ಫೋಟೋ ಕಳಿಸಿ.

ಮೊಗ್ರಾಲಿನವರು ಬೇರೆಯವರಿಗೆ ಕಾಗದ ಬರೆದುಕೊಟ್ಟದ್ದು ಓದಿ ನನಗೂ ಒಂದು ಹೇಳಬೇಕು ಎನಿಸಿತು. ಈ ಊರಿನ ಎಷ್ಟೋ ಮನೆಗಳ ಅರ್ಜಿ ನಾನು ಬರೆದದ್ದು. ಕನ್ನಡದಲ್ಲಿ ಬರೆದು ಕೊಟ್ಟರೆ ತೆಗೆದುಕೊಳ್ಳಲೇಬೇಕು ಎಂದು ಒಂದು ಕಚೇರಿಯಲ್ಲಿ ಜಗಳ ಮಾಡಿದ್ದೇನೆ. ತೆಗೆದುಕೊಂಡರು.

ಬೇಳ_ತೊಕ್ಕೊಟ್ಟು

ಪೆರ್ಲದವಳೇ, ನೀನು ಇಷ್ಟು ಹತ್ತಿರ ಇದ್ದೆ. ನಾನು ಅಮ್ಮನನ್ನು ನೋಡಲು ಪ್ರತಿ ಭಾನುವಾರ ಬೇಳಕ್ಕೆ ಬರುತ್ತಿದ್ದೆ. ಅಲ್ಲಿಂದ ನಿನ್ನ ಮನೆಗೆ ಎಷ್ಟು ದೂರ ಹೇಳು.

ನಾವೆಲ್ಲ ಮಧ್ಯಾಹ್ನದ ಮೇಲೆ ನಿನ್ನ ಮನೆಗೆ ಬಂದರೆ ಆಗುತ್ತದಾ?

ಪೆರ್ಲ

ಬೇಡ, ತಪ್ಪು ತಿಳಿಯಬೇಡ. ತುಂಬಾ ಜನ ಒಟ್ಟಿಗೆ ಬಂದರೆ ಅವನಿಗೆ ಹೆದರಿಕೆ. ಎರಡು ದಿನ ಊಟ ಬಿಡುತ್ತಾನೆ. ಗುರುತಿನವರ ಹತ್ತಿರ ಮಾತ್ರ ಸಮಾಧಾನದಿಂದ ಇರುತ್ತಾನೆ. ನನ್ನ ತಂಗಿ ಬಂದರೆ ಅವಳ ಕೈಯಲ್ಲಿ ಉಣ್ಣುತ್ತಾನೆ.

ಬದಿಯಡ್ಕ_ಟೀಚರ್

ಹಾಗಾದರೆ ನಾವು ಗುರುತಿನವರಾಗುತ್ತೇವೆ. ಬದಿಯಡ್ಕದಿಂದ ಪೆರ್ಲಕ್ಕೆ ಬಸ್ಸು ಎಷ್ಟು ಬೇಕಾದರೂ ಇದೆ. ಈ ವಾರದಿಂದ ನಾನು ಬರುತ್ತೇನೆ. ಒಬ್ಬಳೇ ಬರುತ್ತೇನೆ. ಸುಮ್ಮನೆ ಕೂತಿರುತ್ತೇನೆ. ಅವನಿಗೆ ಏನು ಇಷ್ಟ ಎಂದು ಹೇಳು. ಬೇಳದವಳು ತಿಂಗಳಿಗೆ ಒಂದೆರಡು ಸಲ ಬರಲಿ. ಡಿಸೆಂಬರಿನ ಹೊತ್ತಿಗೆ ಅವನು ನನ್ನ ಕೈಯಲ್ಲೂ ಉಂಡರೆ, ಆ ದಿನ ನಿನ್ನ ತಂಗಿ ಮತ್ತು ನಾನು ಅವನ ಹತ್ತಿರ ಇರುತ್ತೇವೆ. ನೀನು ಎರಡು ಗಂಟೆ ಹೊತ್ತು ಕಾಲೇಜಿಗೆ ಹೋಗಿ ಬಾ.

ಉಣ್ಣದಿದ್ದರೆ ಬೇಸರ ಇಲ್ಲ. ನಾನಂತೂ ಬರುತ್ತಾ ಇರುತ್ತೇನೆ, ಡಿಸೆಂಬರ್ ಆದ ಮೇಲೂ.

ಪೆರ್ಲ

ಅವನಿಗೆ ಚೆಂಡೆ ಸದ್ದು ಇಷ್ಟ. ಯಕ್ಷಗಾನದ ಆಡಿಯೋ ಹಾಕಿದರೆ ಕಣ್ಣು ಅರಳಿಸಿ ಕೇಳುತ್ತಾನೆ. ಬಾಳೆಹಣ್ಣಿನ ಹಲ್ವ ಮೆತ್ತಗೆ ಇದ್ದರೆ ತಿನ್ನುತ್ತಾನೆ.

ಗುರುವಾರ ಬಾ. ಬೆಳಿಗ್ಗೆ ಹತ್ತರ ಮೇಲೆ.

ಪೈವಳಿಕೆ_ತೋಟ

ಪೆರ್ಲದವರೇ, ನನ್ನ ತಾಳಮದ್ದಳೆಯ ರೆಕಾರ್ಡಿಂಗ್‌ಗಳು ಮನೆಯಲ್ಲಿ ರಾಶಿ ಇವೆ. ನಮ್ಮ ಕುಂಬಳೆಯವನು ಹಾಡಿದ್ದೂ ಇದೆ. ಪೆನ್‌ಡ್ರೈವಿಗೆ ಹಾಕಿ ಟೀಚರ್ ಹತ್ತಿರ ಕೊಡುತ್ತೇನೆ. ಬುಧವಾರ ಬದಿಯಡ್ಕಕ್ಕೆ ಬರುವ ಕೆಲಸ ಇದೆ.

ಆದರೆ ಟೀಚರ್, ಇದನ್ನೆಲ್ಲ ಶುರು ಮಾಡಿದವರು ನೀವು. ಆ ದಿನ ಕಾಲೇಜಿನಲ್ಲಿ ನೀವೇ ಇಲ್ಲದಿದ್ದರೆ ಹೇಗೆ? ನನ್ನ ಹೆಂಡತಿ ಆಶಾ ಕಾರ್ಯಕರ್ತೆ. ಇಂಥ ಮಕ್ಕಳ ಮನೆಗಳಿಗೆ ಹೋಗಿ ಅಭ್ಯಾಸ ಇದೆ. ಅವಳೂ ಈಗಿನಿಂದಲೇ ನಿಮ್ಮ ಜೊತೆ ಬರಲಿ. ಅವನಿಗೆ ಅವಳ ಗುರುತಾದರೆ ಆ ದಿನ ಅವಳು ಇರುತ್ತಾಳೆ.

ಮುಳ್ಳೇರಿಯ_ಬೆಂಗಳೂರು

ನವೆಂಬರ್ 1ರ ಮಾತನ್ನು ಬಿಟ್ಟೆ. ಡಿಸೆಂಬರ್ 28ಕ್ಕೆ ನನ್ನದೂ ಪೂರ್ಣ ಒಪ್ಪಿಗೆ. ಒಂದು ಕೆಲಸ ನನಗೆ ಕೊಡಿ. ಎಲ್ಲರೂ ತಮ್ಮ ಸುದ್ದಿಯನ್ನು ಒಂದೊಂದು ಪುಟ ಬರೆದು ಕೊಟ್ಟರೆ ನಾನು ಕರಡು ತಿದ್ದಿ ಚಿಕ್ಕ ಪುಸ್ತಕ ಮಾಡುತ್ತೇನೆ. ಬರೆಯಲು ಸಮಯ ಇಲ್ಲದವರು ಫೋನಿನಲ್ಲಿ ಹೇಳಿದರೂ ಸಾಕು, ನಾನೇ ಬರೆದುಕೊಳ್ಳುತ್ತೇನೆ. ಮೊದಲ ಪುಟ ಆದೂರಿನವರದ್ದು, ಎರಡನೆಯದು ಪೆರ್ಲದವರದ್ದು. ಕುಂಬಳೆಯವನ ಪುಟವನ್ನು ಪೈವಳಿಕೆಯವನು ಬರೆಯಲಿ.

ಬದಿಯಡ್ಕ_ಟೀಚರ್

ಪೈವಳಿಕೆಯವರೇ, ನಿಮ್ಮ ಮನೆಯವರು ಬರುವುದಾದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಗುರುವಾರ ನಾನು ಹೋಗಿ ಬರುತ್ತೇನೆ. ಮುಂದಿನ ವಾರದಿಂದ ಅವರೂ ಬರಲಿ.

ಸದ್ಯಕ್ಕೆ ಹೀಗೆ ಇಟ್ಟುಕೊಳ್ಳೋಣ. ಡಿಸೆಂಬರ್ 28, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ವಿದ್ಯಾನಗರ. ಭಾನುವಾರ ಆದ್ದರಿಂದ ಪ್ರಿನ್ಸಿಪಾಲರಿಗೆ ಅರ್ಜಿ ಬೇಕು, ಅದನ್ನು ಅಂಚೆಯವರು ಬರೆಯಲಿ. ಊಟ ಸಸ್ಯಾಹಾರ, ಎಲ್ಲರಿಗೂ ಆಗುತ್ತದೆ. ನಮಗೆ ಪಾಠ ಮಾಡಿದ ಸರ್‌ಗಳಲ್ಲಿ ಇರುವವರ ಮನೆಗೆ ಮುಂಚಿತವಾಗಿ ಹೋಗಿ ಕರೆಯಬೇಕು, ಫೋನಿನಲ್ಲಿ ಕರೆಯುವುದು ಸರಿಯಲ್ಲ. ಪಟ್ಟಿಯಲ್ಲಿ ಇನ್ನೂ ಸಿಗದವರು: ಉಪ್ಪಳ, ಬಾಯಾರು, ಕುಂಟಾರು, ಎಡನೀರು ಕಡೆಯ ಹುಡುಗಿಯರು. ಎಡನೀರಿನವಳು ಮದುವೆಯಾಗಿ ಕುಶಾಲನಗರಕ್ಕೆ ಹೋಗಿದ್ದಾಳೆ ಎಂದು ಕೇಳಿದ್ದೇನೆ. ಆ ಕಡೆ ಯಾರಾದರೂ ಇದ್ದರೆ ತಿಳಿಸಿ.

ಸುಳ್ಯ_ಮಗಳು

ಟೀಚರ್, ನನ್ನ ನಾದಿನಿಯ ಮನೆ ಕುಶಾಲನಗರದಲ್ಲಿ. ಎಡನೀರಿನವರ ಹೆಸರು, ಹಳೆಯ ಮನೆ ಹೆಸರು ನನಗೆ ಮೆಸೇಜ್ ಮಾಡಿ, ವಿಚಾರಿಸುತ್ತೇನೆ. ಮತ್ತೆ, ಅಮ್ಮ ಒಬ್ಬರೇ ಬಸ್ಸಿನಲ್ಲಿ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ಜಾಲ್ಸೂರು ದಾರಿಯ ಬಸ್ಸು ಹತ್ತಿದರೆ ಎಲ್ಲಿ ಇಳಿಯಬೇಕು?

ಮಂಜೇಶ್ವರ_ಅಂಚೆ

ಚೆರ್ಕಳದಲ್ಲಿ ಇಳಿಯುವುದು ಬೇಡ. ಕಾಸರಗೋಡು ಬಸ್ಸೇ ಹತ್ತಲಿ, ಅದು ವಿದ್ಯಾನಗರದ ಮೇಲೆಯೇ ಹೋಗುತ್ತದೆ. ಹೈವೇ ಅಗಲ ಮಾಡಿದ ಮೇಲೆ ಸ್ಟಾಪುಗಳು ಬದಲಾಗಿವೆ, ರಸ್ತೆ ದಾಟುವುದು ಕಷ್ಟ. ಸುಳ್ಯದಿಂದ ಹೊರಟಾಗ ಒಂದು ಫೋನ್ ಮಾಡಲಿ. ನಾನು ಸ್ಟಾಪಿನಲ್ಲೇ ಇರುತ್ತೇನೆ.